ರಕ್ಕಸಗವಿಯನ್ನು ಉದ್ಯಮವಾಗಿಸುವುದು ಹೇಗೆ: ಕಲ್ಪನಾಲೋಕದ ಕಥೆ ಬರೆಯುವವರಿಗೆ ಸುರಂಗದ ನಾಡಿನಿಂದ ಒಂದು ಮಾರ್ಗದರ್ಶಿ

ಕಲ್ಪನಾಲೋಕದ ಕಥೆ ಬರೆಯುವ ಎಳೆಯರು ಆಗಾಗ ನನಗೆ ತಮ್ಮ ಹಸ್ತಪ್ರತಿ ಕಳುಹಿಸುತ್ತಾರೆ. ಹೆಚ್ಚಿನವುಗಳಲ್ಲಿ ಒಂದು ಗವಿ ಇದ್ದೇ ಇರುತ್ತದೆ. ಮೊಬೈಲಿನಲ್ಲಿ ಆಟವಾಡಿ ಬೆಳೆದವರು ಅದನ್ನು ಡಂಜನ್ ಎನ್ನುತ್ತಾರೆ. ಅದರ ತುಂಬ ರಕ್ಕಸ ಪ್ರಾಣಿಗಳು, ತಳದಲ್ಲಿ ಹೊಳೆಯುವ ಹರಳು. ನಾಯಕ ಒಳಹೊಕ್ಕು, ಕಡಿದು ಕೊಚ್ಚಿ, ಚೀಲ ತುಂಬಿಕೊಂಡು ಹೊರಬರುತ್ತಾನೆ. ಊರಿನ ಅಂಗಡಿಯವನು ಹರಳನ್ನು ತೂಗಿ ನೂರು ಹೊನ್ನು ಎಣಿಸಿ ಕೊಡುತ್ತಾನೆ. ಅಲ್ಲಿಗೆ ನನ್ನ ಓದು ನಿಂತುಬಿಡುತ್ತದೆ. ಆ ದರವನ್ನು ಕಟ್ಟಿದವರು ಯಾರು? ಅಂಗಡಿಯವನು ಅದನ್ನು ಯಾರಿಗೆ ಮಾರುತ್ತಾನೆ? ನಾಯಕ ಹೋದ ದಾರಿಯನ್ನು ಮೊದಲು ಕೊರೆದವರು ಯಾರು, ಆ ಮಣ್ಣನ್ನು ಎಲ್ಲಿ ಸುರಿದರು?

ನಾನು ಕಾಸರಗೋಡಿನ ಪೆರ್ಲದ ಕಡೆಯವನು. ನಮ್ಮ ಗುಡ್ಡಗಳ ಹೊಟ್ಟೆಯಲ್ಲಿ ನೀರಿಗಾಗಿ ಅಡ್ಡಡ್ಡ ಕೊರೆದ ಸುರಂಗಗಳು ಸಾವಿರಾರು ಇವೆ. ಎಣ್ಮಕಜೆ, ಪಡ್ರೆ, ಬಾಯಾರು, ಗಡಿಯಾಚೆಯ ಮಾಣಿಲ, ಎಲ್ಲಿ ನೋಡಿದರೂ ಒಂದು ಬಾಯಿ ಕಾಣುತ್ತದೆ. ಹಾಗಾಗಿ ಗವಿ ಎಂದ ಕೂಡಲೇ ನನಗೆ ಕತ್ತಿಗಿಂತ ಮೊದಲು ಬುಟ್ಟಿ ಕಾಣುತ್ತದೆ. ಗವಿಯೊಂದು ನಂಬುವಂತೆ ಆಗುವುದು ಅದರ ಬಾಯಿಯಲ್ಲಿ, ಅಂದರೆ ದಿನಕ್ಕೆ ಏನು ಒಳಹೋಯಿತು, ಏನು ಹೊರಬಂತು ಎಂಬ ಲೆಕ್ಕದಲ್ಲಿ ಎಂಬುದು ನನ್ನ ನಂಬಿಕೆ. ಕೆಳಗಿನ ಹೆಜ್ಜೆಗಳೆಲ್ಲ ಆ ಲೆಕ್ಕವನ್ನು ಕಟ್ಟುವುದಕ್ಕಾಗಿಯೇ ಇವೆ. ಕಾಗದ, ಪೆನ್ಸಿಲು ಹತ್ತಿರವಿಟ್ಟುಕೊಂಡು ಓದಿ.

ಮೊದಲ ಹೆಜ್ಜೆ: ಸರಕು ಯಾವುದು, ಅದನ್ನು ಕೊಟ್ಟ ಪ್ರಾಣಿ ಉಳಿಯುತ್ತದೆಯೇ

ಹರಳು ಎಂದು ಬರೆದು ಮುಂದೆ ಹೋಗಬೇಡಿ. ಪ್ರಾಣಿಯ ಮೈಯಿಂದ ಬರುವ ಬೆಲೆಬಾಳುವ ಸರಕಿಗೆ ನಮ್ಮಲ್ಲಿಯೇ ನಾಲ್ಕು ಹಳೆಯ ಮಾದರಿಗಳಿವೆ. ಕಸ್ತೂರಿಗಾಗಿ ಬೇಟೆಗಾರರು ಗಂಡು ಕಸ್ತೂರಿಮೃಗವನ್ನು ಕೊಂದು ಗ್ರಂಥಿಯನ್ನು ಕತ್ತರಿಸುತ್ತಿದ್ದರು. ಪುನುಗು ಬೆಕ್ಕನ್ನು ಗೂಡಿನಲ್ಲಿಟ್ಟು ಸಾಕಿ, ಕೆರೆದು ಪುನುಗನ್ನು ತೆಗೆಯುತ್ತಿದ್ದರು. ಬೆಕ್ಕು ಬದುಕಿದ್ದು ಮತ್ತೆ ಕೊಡುತ್ತಿತ್ತು. ಜೇನು ಪಾಲಿನ ವ್ಯವಹಾರ: ತುಡುವೆಯ ಪೆಟ್ಟಿಗೆಯಲ್ಲಿ ಹುಳುಗಳಿಗೆ ಬೇಕಾದಷ್ಟನ್ನು ಬಿಟ್ಟು ಉಳಿದದ್ದನ್ನು ನಾವು ತೆಗೆದುಕೊಳ್ಳುತ್ತೇವೆ. ಇನ್ನು ಗೋರೋಚನ ದನದ ಪಿತ್ತಕೋಶದಲ್ಲಿ ಕಟ್ಟುವ ಕಲ್ಲು. ಯಾವ ದನದೊಳಗೆ ಇದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ.

ಈ ನಾಲ್ಕರಲ್ಲಿ ಯಾವುದನ್ನು ಆರಿಸಿದಿರಿ ಎಂಬುದರ ಮೇಲೆ ನಿಮ್ಮ ಇಡೀ ಸಮಾಜ ನಿಲ್ಲುತ್ತದೆ. ಕಸ್ತೂರಿಯ ಮಾದರಿಯಲ್ಲಿ ಪ್ರಾಣಿಗಳು ಮುಗಿಯುತ್ತವೆ, ಬೇಟೆಗಾರರು ಪ್ರತಿ ವರ್ಷ ಇನ್ನೂ ಆಳಕ್ಕೆ ಹೋಗಬೇಕಾಗುತ್ತದೆ. ಪುನುಗಿನ ಮಾದರಿಯಲ್ಲಿ ಗೂಡಿನ ಒಡೆಯ ಹುಟ್ಟುತ್ತಾನೆ, ರಕ್ಕಸನನ್ನು ಸಾಕುವ ಆಳು ಹುಟ್ಟುತ್ತಾನೆ. ಜೇನಿನ ಮಾದರಿಯಲ್ಲಿ ಎಷ್ಟು ಬಿಡಬೇಕು ಎಂಬ ಕಟ್ಟಳೆ, ಕಟ್ಟಳೆಯನ್ನು ಮುರಿದು ರಾತ್ರಿ ಬರುವವನು. ಗೋರೋಚನದ ಮಾದರಿಯಲ್ಲಿ ಸಾಲ ಮಾಡಿ ಗವಿಗೆ ಇಳಿಯುವ ಜನ.

ಮುಂದಿನ ಹೆಜ್ಜೆಗಳಿಗಾಗಿ ನಾನೊಂದು ಉದಾಹರಣೆಯನ್ನು ಕಟ್ಟಿಕೊಳ್ಳುತ್ತೇನೆ. ಪ್ರಾಣಿಯ ಹೆಸರು ಕಲ್ಲುಜರಿ. ಆಳೆತ್ತರದಷ್ಟು ಉದ್ದ, ಕೆಂಪುಕಲ್ಲಿನ ಗುಡ್ಡದೊಳಗೆ ವಾಸ, ವರ್ಷಕ್ಕೆ ಎರಡು ಸಲ ಪೊರೆ ಕಳಚುತ್ತದೆ. ಸರಕು ಆ ಪೊರೆ. ಕಳಚಿದ ಹೊತ್ತಿಗೆ ಅದು ಹಸಿ ತೊಗಲಿನಂತೆ ಬಾಗುತ್ತದೆ. ಗಾಳಿ ಬಿಸಿಲು ತಾಗಿ ಮೂರು ದಿನ ಕಳೆದರೆ ಉಳಿಯೂ ನಾಟುವುದಿಲ್ಲ. ಈ ಗುಣವನ್ನು ನಾನು ನಮ್ಮ ಮುರಕಲ್ಲಿನಿಂದ ಎರವಲು ಪಡೆದಿದ್ದೇನೆ. ಕೋರೆಯಲ್ಲಿ ಹಸಿಯಾಗಿರುವಾಗ ಸುಲಭವಾಗಿ ಕಡಿಸಿಕೊಳ್ಳುವ ಈ ಕಲ್ಲು ಹೊರಗೆ ಬಂದು ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. 1807ರಲ್ಲಿ ಪ್ರಕಟವಾದ ಪ್ರವಾಸ ವರದಿಯಲ್ಲಿ ಫ್ರಾನ್ಸಿಸ್ ಬುಕಾನನ್ ಮಲಬಾರಿನ ಈ ಕಲ್ಲನ್ನು ಬಣ್ಣಿಸಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಇದೇ ಕಾರಣಕ್ಕೆ.

ಒಂದೇ ಒಂದು ಗುಣ ಎಷ್ಟು ಕೆಲಸ ಮಾಡಿತು ನೋಡಿ. ಪೊರೆಯನ್ನು ಹೊರಗೆ ತಂದು ನಿಧಾನವಾಗಿ ಕೊಯ್ಯುವಂತಿಲ್ಲ. ಅಳತೆಗೆ ಕತ್ತರಿಸಿ ಬಾಗಿಸುವ ಕಸುಬಿನವರು ಗವಿಯ ಒಳಗೇ ಇರಬೇಕು, ಅದೂ ಪೊರೆ ಬಿಡುವ ಕೆಲವೇ ದಿನಗಳಲ್ಲಿ. ಹಾಗಾದರೆ ಗವಿಗೆ ಹಂಗಾಮು ಬಂತು. ಹಂಗಾಮು ಬಂದ ಮೇಲೆ ಮುಂಗಡ ಬಂತು, ಹೊರಊರಿನ ಆಳುಗಳು ಬಂದರು, ಬಾಯಿಯ ಬಳಿ ಗಂಜಿ ಬೇಯಿಸುವ ಒಲೆ ಬಂತು.

ಎರಡನೆಯ ಹೆಜ್ಜೆ: ಅಳತೆ, ಗಾಳಿ, ದೀಪ, ಮಣ್ಣು

ಇಲ್ಲಿ ನಿಧಾನಿಸಿ. ಹೆಚ್ಚಿನ ಕಥೆಗಳು ಸೋಲುವುದು ಇಲ್ಲಿಯೇ.

ನಮ್ಮ ಸುರಂಗ ಒಬ್ಬ ಮನುಷ್ಯ ತಲೆ ತಗ್ಗಿಸಿ ಹೋಗುವಷ್ಟು ಎತ್ತರ, ಎರಡು ಅಡಿಯ ಆಸುಪಾಸು ಅಗಲ. ಅದಕ್ಕಿಂತ ದೊಡ್ಡದು ಮಾಡಿದರೆ ಖರ್ಚು ಹೆಚ್ಚು, ಕುಸಿಯುವ ಭಯವೂ ಹೆಚ್ಚು. ಒಳಗಿನಿಂದ ಬಾಯಿಯ ಕಡೆಗೆ ಸಣ್ಣ ಇಳಿಜಾರು ಇರುತ್ತದೆ. ನೀರು ತಾನೇ ಹರಿದು ಹೊರಬರಬೇಕು. ಅಗೆತದ ಉದ್ದವನ್ನು ಅಳೆಯುವುದು ಕೋಲಿನಲ್ಲಿ, ಒಂದು ಕೋಲು ಎಂದರೆ ಸುಮಾರು ಎರಡೂವರೆ ಅಡಿ. ಕೂಲಿಯೂ ಕೋಲಿನ ಲೆಕ್ಕದಲ್ಲಿಯೇ.

ನನಗೆ ಹದಿಮೂರು ವರ್ಷವಾಗಿದ್ದಾಗ ನಮ್ಮ ಅಡಿಕೆ ತೋಟದ ಮೇಲಿನ ಸುರಂಗವನ್ನು ಇನ್ನೂ ಹತ್ತು ಕೋಲು ಮುಂದಕ್ಕೆ ಕೊರೆಸಿದರು. ಇಬ್ಬರು ಬಂದಿದ್ದರು: ಒಬ್ಬರು ಅಗೆಯುವವರು, ಇನ್ನೊಬ್ಬರು ಮಣ್ಣು ಹೊರುವವರು. ಚಿಮಿಣಿ ದೀಪಕ್ಕೆ ಎಣ್ಣೆ ತುಂಬಿ ಕೊಡುವುದು, ಬಾಯಿಯಲ್ಲಿ ಬುಟ್ಟಿಗಳನ್ನು ಎಣಿಸುವುದು ನನ್ನ ಕೆಲಸ. ಅಗೆಯುವವರು ಪಿಕ್ಕಾಸಿನ ಹಿಡಿಯನ್ನು ಕುಯ್ದು ಮೊಳದುದ್ದಕ್ಕೆ ಇಳಿಸಿಕೊಂಡಿದ್ದರು. ಆ ಅಗಲದಲ್ಲಿ ಉದ್ದ ಹಿಡಿಯನ್ನು ಬೀಸಲು ಜಾಗವಿಲ್ಲ. ಒಂದು ಮಧ್ಯಾಹ್ನ ಒಳಗಿನ ಸದ್ದು ನಿಂತಿತು. ಮೊದಲು ಮಣ್ಣು ಹೊರುವವರು ಬರಿಗೈಯಲ್ಲಿ ಹೊರಬಂದರು, ಅವರ ಹಿಂದೆ ಅಗೆಯುವವರು, ಕೈಯಲ್ಲಿ ಆರಿದ ಚಿಮಿಣಿ. ಇಬ್ಬರೂ ಓಡಲಿಲ್ಲ. ‘ದೀಪ ಒಪ್ಪಲಿಲ್ಲ’ ಎಂದು ಅಜ್ಜನಿಗೆ ಹೇಳಿ ತೋಡಿನಲ್ಲಿ ಕೈಕಾಲು ತೊಳೆದರು. ಅಂದಿನ ಕೆಲಸ ಅಲ್ಲಿಗೆ ಮುಗಿಯಿತು. ಮರುದಿನ ಹಸಿ ಸೊಪ್ಪಿನ ಕೊಂಬೆಯನ್ನು ಬೀಸುತ್ತಾ, ಗಾಳಿಯನ್ನು ಆಡಿಸುತ್ತಾ ಒಳಹೋದರು. ಅಜ್ಜ ಅರ್ಧ ದಿನದ ಕೂಲಿಯನ್ನು ಮುರಿಯಲಿಲ್ಲ ಎಂಬುದು ನನಗೆ ಇಂದಿಗೂ ನೆನಪಿದೆ.

ಆಮ್ಲಜನಕ ಸುಮಾರು 16 ಪ್ರತಿಶತಕ್ಕೆ ಇಳಿದರೆ ಸಾಮಾನ್ಯ ದೀಪದ ಉರಿ ನಿಲ್ಲುವುದಿಲ್ಲ. ಮನುಷ್ಯ ಆಗ ಇನ್ನೂ ಎಚ್ಚರವಾಗಿರುತ್ತಾನೆ, ಹೊರಗೆ ನಡೆದುಬರುವಷ್ಟು ಶಕ್ತಿ ಇರುತ್ತದೆ. ದೀಪದ ಬೆಲೆ ಆ ಅಂತರದಲ್ಲಿದೆ. ಕಲ್ಲಿದ್ದಲ ಗಣಿಯಲ್ಲಿ ವಿಷಯ ತಲೆಕೆಳಗು: ಅಲ್ಲಿ ಮೀಥೇನ್ ಸೇರಿದ ಗಾಳಿ ದೀಪದಿಂದಲೇ ಸಿಡಿಯುತ್ತದೆ. ಅದಕ್ಕಾಗಿ ಹಂಫ್ರಿ ಡೇವಿ 1815ರಲ್ಲಿ ಉರಿಯ ಸುತ್ತ ಲೋಹದ ಬಲೆ ಕಟ್ಟಿದ ದೀಪವನ್ನು ರೂಪಿಸಿದರು. ನಿಮ್ಮ ಗವಿಯ ಗಾಳಿ ದೀಪವನ್ನು ಆರಿಸುತ್ತದೆಯೋ ಸಿಡಿಸುತ್ತದೆಯೋ ಮೊದಲೇ ತೀರ್ಮಾನಿಸಿ. ಮಂತ್ರದ ಬೆಳಕು ಇದ್ದರೆ ಇನ್ನೂ ಹೆಚ್ಚು ಯೋಚಿಸಬೇಕು, ಏಕೆಂದರೆ ಎಂದಿಗೂ ಆರದ ಬೆಳಕು ಗಾಳಿ ಕೆಟ್ಟಿದ್ದನ್ನು ಹೇಳುವುದಿಲ್ಲ. ಶ್ರೀಮಂತ ಒಡೆಯ ಕೊಟ್ಟ ಮಂತ್ರದ ದೀಪವನ್ನು ನೆಚ್ಚಿಕೊಂಡು ಸತ್ತವರ ಬಗ್ಗೆ ಒಂದು ಇಡೀ ಅಧ್ಯಾಯವನ್ನು ಬರೆಯಬಹುದು.

ಈಗ ಮಣ್ಣಿನ ಲೆಕ್ಕ. ಆರು ಅಡಿ ಎತ್ತರ, ಎರಡು ಅಡಿ ಅಗಲ, ಒಂದು ಕೋಲು ಉದ್ದ ಅಗೆದರೆ 30 ಘನ ಅಡಿ ಮಣ್ಣು. ತೂಕ ಹತ್ತಿರ ಹತ್ತಿರ ಒಂದೂವರೆ ಟನ್. ಬುಟ್ಟಿಗೆ 25 ಕಿಲೋ ಎಂದರೂ 60 ಬುಟ್ಟಿ. ಅಗೆಯುವ ಜಾಗ ಬಾಯಿಯಿಂದ 40 ಕೋಲು, ಅಂದರೆ 100 ಅಡಿ ಒಳಗಿದ್ದರೆ, ಆ ಒಂದು ಕೋಲಿಗಾಗಿ ಹೊರುವವರು ಬೆನ್ನು ಬಾಗಿಸಿ ನಡೆಯುವ ದಾರಿ 12,000 ಅಡಿ, ಮೂರೂವರೆ ಕಿಲೋಮೀಟರಿಗಿಂತ ಹೆಚ್ಚು. 80 ಕೋಲು ಒಳಗೆ ಹೋದರೆ ಅದು ಏಳು ಕಿಲೋಮೀಟರು ದಾಟುತ್ತದೆ. ಅಗೆಯುವ ಶ್ರಮ ಬದಲಾಗಲಿಲ್ಲ, ಹೊರುವ ಶ್ರಮ ಇಮ್ಮಡಿಯಾಯಿತು. ಆದ್ದರಿಂದ ನಿಮ್ಮ ಗವಿಯಲ್ಲಿ ಕತ್ತಿ ಹಿಡಿದ ಒಬ್ಬನಿಗೆ ಬುಟ್ಟಿ ಹೊತ್ತ ಹಲವರು ಇರಲೇಬೇಕು. ಅವರಿಗೆ ಹೆಸರು ಕೊಡಿ.

ಕತ್ತಿಯ ಮಾತು ಬಂದದ್ದರಿಂದ ಇದನ್ನೂ ಹೇಳುತ್ತೇನೆ. ಎರಡಡಿ ಅಗಲದ ದಾರಿಯಲ್ಲಿ ಮೂರಡಿಯ ಕತ್ತಿಯನ್ನು ಬೀಸಲಾಗದು. ಅಲ್ಲಿ ಬೇಕಾದದ್ದು ಇರಿಯುವ ಗಿಡ್ಡ ಭರ್ಜಿ, ಮೊಳದುದ್ದ ಹಿಡಿಯ ಪಿಕ್ಕಾಸು, ಮುಂದೆ ತಳ್ಳುವ ಹಲಗೆ.

ಮೂರನೆಯ ಹೆಜ್ಜೆ: ರಕ್ಕಸರಿಗೆ ಊಟ, ಗವಿಗೆ ರಜೆ

ಗವಿಯೊಳಗೆ ಬಿಸಿಲಿಲ್ಲ, ಬಿಸಿಲಿಲ್ಲದೆ ಹಸಿರಿಲ್ಲ. ನಿಜವಾದ ಗವಿಗಳಲ್ಲಿ ಆಹಾರ ಹೆಚ್ಚಾಗಿ ಬಾಯಿಯಿಂದಲೇ ಒಳಗೆ ಬರುತ್ತದೆ: ನೀರಿನೊಡನೆ ಹರಿದು ಬರುವ ಕಸ, ಬಾವಲಿಯ ಹಿಕ್ಕೆ. ಹಿಕ್ಕೆಯನ್ನು ಹುಳು ತಿನ್ನುತ್ತದೆ, ಹುಳುವನ್ನು ಜೇಡ ತಿನ್ನುತ್ತದೆ. ಹಾಗಾಗಿ ತಳದಲ್ಲಿ ನೂರು ರಕ್ಕಸರನ್ನು ಇರಿಸುವ ಮೊದಲು ಅವರ ತಟ್ಟೆಗೆ ಏನು ಬೀಳುತ್ತದೆ ಎಂದು ಬರೆದುಕೊಳ್ಳಿ. ಕಲ್ಲುಜರಿ ಬಾವಲಿಗಳನ್ನು ತಿಂದು ಬದುಕುತ್ತದೆ ಎಂದು ನಾನು ಇಟ್ಟುಕೊಂಡಿದ್ದೇನೆ. ಆಗ ಗವಿಯ ಬಾಯಿಗೆ ಬಾಗಿಲು ಹಾಕಿ ಬೀಗ ಜಡಿದ ಒಡೆಯ ತನ್ನ ಗವಿಯನ್ನು ತಾನೇ ಕೊಂದಂತಾಗುತ್ತದೆ. ಬಾವಲಿ ಬರುವುದಿಲ್ಲ, ಎರಡು ವರ್ಷದಲ್ಲಿ ಪೊರೆ ತೆಳುವಾಗುತ್ತದೆ, ಕಾರಣ ಯಾರಿಗೂ ಹೊಳೆಯುವುದಿಲ್ಲ.

ಮರಿ ಮಾಡುವ ಕಾಲಕ್ಕೆ ರಜೆ ಬೇಕು. ಕೇರಳದ ಕರಾವಳಿಯಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲಿಂಗ್, ಅಂದರೆ ದೋಣಿಯಿಂದ ಬಲೆ ಎಳೆದು ಮೀನು ಹಿಡಿಯುವುದು, ನಿಷೇಧವಿರುತ್ತದೆ. ಆ ದಿನಗಳಲ್ಲಿ ಬಂದರಿನ ಅಂಗಡಿ, ಐಸ್ ಕಾರ್ಖಾನೆ, ಬಲೆ ಹೊಲಿಯುವವರು ಹೇಗೆ ಬದುಕುತ್ತಾರೆ ಎಂದು ಒಮ್ಮೆ ಹೋಗಿ ನೋಡಿ ಬನ್ನಿ. ನಿಮ್ಮ ಗವಿಯ ಊರಿಗೂ ಅಂಥ ಎರಡು ತಿಂಗಳು ಇರಲಿ. ಹೊರಡುವ ಮೊದಲೇ ತಿಂದು ಮುಗಿಸಿದ ಮುಂಗಡ ಇರಲಿ.

ಸತ್ತ ರಕ್ಕಸ ಮತ್ತೆ ಹುಟ್ಟುವುದಕ್ಕೆ ಆಟಗಳಲ್ಲಿ ಗಡಿಯಾರ ಸಾಕು. ಕಥೆಗೆ ಸಾಲದು. ಕುಂಬಳೆಯ ಹತ್ತಿರದ ಅನಂತಪುರ ಕೆರೆ ದೇವಸ್ಥಾನ ನಿಮಗೆ ಗೊತ್ತಿರಬಹುದು. ಕೆರೆಯ ಮೂಲೆಯಲ್ಲಿ ಒಂದು ಗುಹೆ ಇದೆ, ಅದು ತಿರುವನಂತಪುರದವರೆಗೆ ಹೋಗುತ್ತದೆ ಎಂಬ ನಂಬಿಕೆ ಇದೆ. ಆ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ ದೇವಸ್ಥಾನದ ನೈವೇದ್ಯವನ್ನು ಸ್ವೀಕರಿಸುತ್ತಾ ಬದುಕಿ 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡಿತು. ಜನ ಸಾಲುಗಟ್ಟಿ ಬಂದು ಹೂ ಇಟ್ಟರು. ಮರುವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು. ಒಂದು ಹೋದ ಮೇಲೆ ಇನ್ನೊಂದು ಬರುವ ನಡುವಿನ ಆ ಒಂದು ವರ್ಷದಲ್ಲಿ ಕೆರೆಯ ದಂಡೆಗೆ ಬಂದವರೆಲ್ಲ ನೀರನ್ನು ನೋಡುತ್ತಾ ನಿಂತಿರುತ್ತಾರೆ. ಕಾವಲು ಪ್ರಾಣಿ ಮರಳುವುದನ್ನು ಬರೆಯುವಾಗ ಆ ಕಾಯುವಿಕೆಯನ್ನು ಬರೆಯಿರಿ.

ನಮ್ಮ ಕಡೆಯ ಬರಹಗಾರರಲ್ಲಿ ಒಂದು ಪ್ರಾರ್ಥನೆ: ಗುಳಿಗ, ಪಂಜುರ್ಲಿ ದೈವಗಳನ್ನು ಗವಿಯ ರಕ್ಕಸರನ್ನಾಗಿ ಮಾಡಬೇಡಿ. ಅವರು ನಮ್ಮ ಮನೆಗಳ, ಗಡಿಗಳ, ಮಾತಿನ ಕಾವಲಿಗೆ ನಿಂತವರು. ಕಡಿದು ಚೀಲಕ್ಕೆ ತುಂಬುವ ಪ್ರಾಣಿಗೆ ಬೇರೆ ಹೆಸರು ಕಟ್ಟುವುದು ಕಷ್ಟವೇನಲ್ಲ.

ನಾಲ್ಕನೆಯ ಹೆಜ್ಜೆ: ಆಳಕ್ಕೆ ಹೋದಂತೆ ಏನು ಬದಲಾಗುತ್ತದೆ

ಆಟದಲ್ಲಿ ಆಳಕ್ಕೆ ಹೋದಂತೆ ರಕ್ಕಸ ದೊಡ್ಡದಾಗುತ್ತದೆ, ಹರಳೂ ದೊಡ್ಡದಾಗುತ್ತದೆ. ಗಣಿಯಲ್ಲಿ ಅಷ್ಟು ಸಲೀಸಿಲ್ಲ. ಕೋಲಾರದ ಚಿನ್ನದ ಗಣಿಯನ್ನು ನೋಡಿ. 1880ರಲ್ಲಿ ಜಾನ್ ಟೇಲರ್ ಎಂಬ ಬ್ರಿಟಿಷ್ ಗಣಿ ಕಂಪನಿ ಅಲ್ಲಿಗೆ ಬಂತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. ಬೆಂಗಳೂರಿನ ಬೀದಿಗಳಿಗಿಂತ ಮೊದಲು ಗಣಿಗೆ. ಕೊನೆಗೆ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಕೆಳಗೆ ಇಳಿಯಿತು. ಅಲ್ಲಿ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು, ತಂಪು ಗಾಳಿಯನ್ನು ಮೇಲಿನಿಂದ ಕಳುಹಿಸಬೇಕಿತ್ತು. ಮೇಲಿನ ಭಾರಕ್ಕೆ ಬಂಡೆ ಒಳಗಿನಿಂದಲೇ ಸಿಡಿಯುತ್ತಿತ್ತು. ಅದಿರಿನಲ್ಲಿ ಚಿನ್ನದ ಅಂಶ ಮಾತ್ರ ಇಳಿಯುತ್ತಲೇ ಹೋಯಿತು. 2001ರಲ್ಲಿ ಗಣಿಯನ್ನು ಮುಚ್ಚಿದರು. ಚಿನ್ನ ಪೂರ್ತಿ ಮುಗಿದು ಮುಚ್ಚಿದ್ದಲ್ಲ. ತೆಗೆಯುವ ಖರ್ಚು ಚಿನ್ನದ ಬೆಲೆಯನ್ನು ಮೀರಿತ್ತು.

ನಿಮ್ಮ ಗವಿಗೂ ಅಂಥ ಒಂದು ಗೆರೆ ಬೇಕು. ಯಾವ ಕೋಲಿನ ನಂತರ ತಂದ ಪೊರೆ ಹೊತ್ತ ಕೂಲಿಗೆ ಸಾಲುವುದಿಲ್ಲ? ಆ ಗೆರೆಯ ಆಚೆ ಹೋಗುವವರು ಯಾರು ಎಂದು ಕೇಳಿಕೊಳ್ಳಿ. ಸಾಲಗಾರ, ಹುಚ್ಚು ಹಿಡಿದ ಒಡೆಯ, ಅಥವಾ ಬೇರೇನನ್ನೋ ಹುಡುಕುವವರು. ಈ ಕೊನೆಯವರೂ ನಿಜವೇ: 1965ರಲ್ಲಿ ಭೌತವಿಜ್ಞಾನಿಗಳು ಕೋಲಾರದ ಅದೇ ಗಣಿಯ ಆಳದಲ್ಲಿ ಉಪಕರಣವಿಟ್ಟು, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣಗಳ ಸುಳಿವು ಹಿಡಿದರು. ಚಿನ್ನಕ್ಕಾಗಿ ತೋಡಿದ ಕತ್ತಲೆ ಆಕಾಶವನ್ನು ಓದಲು ಒದಗಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಐದನೆಯ ಹೆಜ್ಜೆ: ಬಾಯಿ ಯಾರದು, ಹೊಟ್ಟೆ ಯಾರದು

ಗಡಿಯಲ್ಲಿ ಬದುಕುವವರಿಗೆ ಈ ಪ್ರಶ್ನೆ ಬೇಗ ಅರ್ಥವಾಗುತ್ತದೆ. 1956ರಲ್ಲಿ ರಾಜ್ಯಗಳನ್ನು ಮರುವಿಂಗಡಿಸಿದಾಗ, ಅದುವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಮ್ಮ ತಾಲೂಕು ಕೇರಳಕ್ಕೆ ಸೇರಿತು. ನಮ್ಮ ಅಡಿಕೆ ಪುತ್ತೂರಿಗೆ, ಮಂಗಳೂರಿಗೆ ಹೋಗುತ್ತದೆ. ಜಮೀನಿನ ಕಾಗದ ಮಲಯಾಳದಲ್ಲಿ ಬರುತ್ತದೆ. ಕೋಲಾರದ ಚಿನ್ನದ ಪಟ್ಟಿಯೂ ಗಡಿಯಲ್ಲಿ ನಿಲ್ಲದೆ ಆಂಧ್ರದ ಚಿತ್ತೂರು ಜಿಲ್ಲೆಗೆ ದಾಟುತ್ತದೆ. ಚಿಗರಗುಂಟದ ಗಣಿ ಇದ್ದದ್ದು ಅಲ್ಲಿ.

ನಿಮ್ಮ ಗವಿಯ ಬಾಯಿ ಒಂದು ರಾಜ್ಯದಲ್ಲಿರಲಿ, ಹೊಟ್ಟೆ ಇನ್ನೊಂದರ ಗುಡ್ಡದ ಅಡಿಗೆ ಹೋಗಲಿ. ಮೇಲೆ ಹುಲ್ಲು ಮೇಯಿಸುವವನಿಗೆ ಕೆಳಗಿನ ಪೊರೆಯಲ್ಲಿ ಪಾಲಿದೆಯೇ? ತೆರಿಗೆ ಕಟ್ಟುವುದು ಬಾಯಿಯಲ್ಲೋ, ಪೊರೆ ಬಿದ್ದ ಜಾಗದಲ್ಲೋ? ಒಳಗೆ ಸತ್ತವನ ಹೆಂಡತಿ ಯಾವ ರಾಜನ ಬಾಗಿಲನ್ನು ತಟ್ಟಬೇಕು? ಭಾರತದ ಗಣಿ ಕಾನೂನಿಗೆ 2015ರಲ್ಲಿ ತಿದ್ದುಪಡಿ ತಂದು, ಗಣಿಗಾರಿಕೆಯಿಂದ ತೊಂದರೆಗೆ ಒಳಗಾದ ಜನರಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳನ್ನು ಮಾಡಲಾಯಿತು. ಅಂಥದ್ದೊಂದು ನಿಧಿ ನಿಮ್ಮ ಲೋಕದಲ್ಲಿ ಇದೆಯೇ, ಇದ್ದರೆ ಅದರ ಕೀಲಿಕೈ ಯಾರ ಸೊಂಟದಲ್ಲಿದೆ ಎಂಬುದನ್ನು ಬರೆಯಿರಿ.

ಆರನೆಯ ಹೆಜ್ಜೆ: ವಿಂಗಡಣೆ ಮತ್ತು ದರ

ಇದನ್ನು ಅಡಿಕೆ ಅಂಗಳದಲ್ಲಿ ಕಲಿಯಬೇಕು. ಬಿಸಿಲಿಗೆ ಒಣಗಿಸಿ ಸುಲಿದ ಚಾಲಿ ಅಡಿಕೆಯ ರಾಶಿಯ ಮುಂದೆ ಅಮ್ಮಂದಿರು ಕಾಲು ಚಾಚಿ ಕೂತು ಬೆರಳುಗಳಲ್ಲೇ ವಿಂಗಡಿಸುತ್ತಾರೆ: ಒಳ್ಳೆಯದು ಒಂದು ಕಡೆ, ಪಟೋರ ಒಂದು ಕಡೆ, ಉಳ್ಳಿ, ಕರಿಗೋಟು ಬೇರೆ ಬೇರೆ. ಹೊಸ ಅಡಿಕೆಗೆ ಒಂದು ದರ, ವರ್ಷ ದಾಟಿದ ಹಳೆಯದಕ್ಕೆ ಇನ್ನೊಂದು. ಒಂದೇ ಮರದ ಒಂದೇ ಗೊನೆ ಪೇಟೆಯಲ್ಲಿ ಐದು ಹೆಸರು ಪಡೆಯುತ್ತದೆ. ನಿಮ್ಮ ಕಥೆಯ ಸರಕಿಗೂ ಕನಿಷ್ಠ ನಾಲ್ಕು ದರ್ಜೆ ಕೊಡಿ. ಕಲ್ಲುಜರಿಯ ಪೊರೆಯಲ್ಲಿ ನಾನು ಮಾಡಿಕೊಂಡದ್ದು: ಬೆನ್ನಪೊರೆ, ಪಕ್ಕೆಪೊರೆ, ಕಾಲುಚೂರು, ಮತ್ತು ಕೊಯ್ಯುವ ಮೊದಲೇ ಗಟ್ಟಿಯಾಗಿಬಿಟ್ಟ ಮುರುಟು. ಮುರುಟನ್ನು ಕೊಳ್ಳುವ ಬಡ ಗಿರಾಕಿಯೂ ಒಬ್ಬನಿದ್ದಾನೆ, ಅವನು ಅದರಿಂದ ಬಚ್ಚಲಿನ ಕಲ್ಲು ಮಾಡುತ್ತಾನೆ.

ದರ ಬೀಳುವುದನ್ನೂ ಬರೆಯಬೇಕು. 1970ರ ಆಸುಪಾಸಿನಲ್ಲಿ ಅಡಿಕೆಯ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಾಗ, ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರಿಯನ್ನು ಕಟ್ಟಿದರು. ರಾಜ್ಯದ ಗಡಿ ಅದಕ್ಕೆ ಅಡ್ಡ ಬರಲಿಲ್ಲ. ಗವಿಯ ಕೂಲಿಗಳು ತಮ್ಮದೇ ತಕ್ಕಡಿಯನ್ನು ಇಟ್ಟುಕೊಳ್ಳುವ ದಿನ ನನಗೆ ರಾಜನ ಪಟ್ಟಾಭಿಷೇಕಕ್ಕಿಂತ ದೊಡ್ಡ ಘಟನೆ. ಯಾರಾದರೂ ಆ ಕಾದಂಬರಿಯನ್ನು ಬರೆದರೆ ಮೊದಲ ಓದುಗ ನಾನೇ.

ಏಳನೆಯ ಹೆಜ್ಜೆ: ಉಳಿದದ್ದು ಎಲ್ಲಿಗೆ ಹೋಯಿತು

ಒಂದು ಟನ್ ಅದಿರಿನಲ್ಲಿ 5 ಗ್ರಾಂ ಚಿನ್ನ ಸಿಕ್ಕರೆ ಉಳಿಯುವುದು 9,99,995 ಗ್ರಾಂ ಪುಡಿ. ಕೋಲಾರದಲ್ಲಿ ಆ ಪುಡಿ ಗುಡ್ಡಗಳಾಗಿ ನಿಂತಿದೆ. ಚಿನ್ನವನ್ನು ಬೇರ್ಪಡಿಸಲು ಬಳಸಿದ ಸೈನೈಡಿನಿಂದಾಗಿ ಜನ ಅವನ್ನು ಸೈನೈಡ್ ಗುಡ್ಡ ಎಂದೇ ಕರೆಯುತ್ತಾರೆ. ಗಾಳಿ ಬೀಸಿದರೆ ದೂಳು ಮನೆಗಳ ಮೇಲೆ ಬೀಳುತ್ತದೆ.

ನಮ್ಮ ಊರಿಗೆ ಈ ಪಾಠ ಬೇರೆ ದಾರಿಯಿಂದ ಬಂತು. ಇಲ್ಲಿನ ಗುಡ್ಡಗಳ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದರು. ಗುಡ್ಡದ ತಲೆಯ ಮೇಲೆ ಬಿದ್ದದ್ದು ಮಳೆಯೊಡನೆ ತೋಡಿಗೆ, ತೋಟಕ್ಕೆ ಇಳಿಯಿತು. ಗೇರುಬೀಜ ಎಲ್ಲಿಯೋ ಮಾರಾಟವಾಯಿತು. ಕಾಯಿಲೆ ಪಡ್ರೆಯ, ಎಣ್ಮಕಜೆಯ ಮನೆಗಳಲ್ಲಿ ಉಳಿಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ನಿಷೇಧಿಸಿತು. 2017ರಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರ್ಕಾರಕ್ಕೆ ಹೇಳಿತು. ಸಿಂಪಡಣೆ ನಿಂತದ್ದಕ್ಕೂ ಈ ಆದೇಶಕ್ಕೂ ನಡುವೆ 17 ವರ್ಷ. ಆ ವರ್ಷಗಳಲ್ಲಿ ಒಂದು ಮಗು ಬೆಳೆದು ದೊಡ್ಡದಾಗಬೇಕಿತ್ತು.

ಆದ್ದರಿಂದ ನಿಮ್ಮ ಲೋಕದ ನಕ್ಷೆಯಲ್ಲಿ ಗವಿಯನ್ನು ಗುರುತಿಸಿದ ಕೂಡಲೇ ಅದರ ಕೆಳಗೆ ನೀರು ಹರಿಯುವ ದಿಕ್ಕಿಗೆ ಒಂದು ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಒಂದು ಊರು ಇಡಿ. ಕಲ್ಲುಜರಿಯ ಪೊರೆಯನ್ನು ತೊಳೆದ ನೀರು ಅಲ್ಲಿಗೆ ಹೋಗುತ್ತದೆ. ಆ ಊರಿನ ಒಬ್ಬ ತಾಯಿ ನಿಮ್ಮ ಕಥೆಯಲ್ಲಿ ಮಾತನಾಡಲೇಬೇಕು, ಅದೂ ನಾಯಕನ ಎದುರಿಗೆ ನಿಂತು.

ಎಂಟನೆಯ ಹೆಜ್ಜೆ: ಕಸುಬಿನ ಮಾತು

ನಮ್ಮ ಜಿಲ್ಲೆಯನ್ನು ಸಪ್ತಭಾಷೆಗಳ ನಾಡು ಎನ್ನುತ್ತಾರೆ. ಕೆಲಸದ ಜಾಗದಲ್ಲಿ ತುಳು, ಮಲಯಾಳ, ಕನ್ನಡ ಒಂದೇ ವಾಕ್ಯದಲ್ಲಿ ಸಲೀಸಾಗಿ ಸೇರುತ್ತವೆ. ನಿಮ್ಮ ಗವಿಯಲ್ಲಿಯೂ ಅಗೆಯುವವರ ಮಾತು, ಲೆಕ್ಕದವರ ಮಾತು, ಒಡೆಯನ ಮಾತು ಬೇರೆ ಬೇರೆ ಇರಲಿ. ಹೊಸ ಪದವನ್ನು ಸಂಸ್ಕೃತದ ನಿಘಂಟಿನಿಂದ ಕಟ್ಟುವುದಕ್ಕಿಂತ ಕೈಯ ಕೆಲಸದಿಂದ ಕಟ್ಟಿ. ‘ದೀಪ ಒಪ್ಪಲಿಲ್ಲ’ ಎಂಬಂಥ ಎರಡು ಪದ ಸಿಕ್ಕಿದರೆ ಅರ್ಧ ಲೋಕ ಸಿಕ್ಕಂತೆ.

ಒಂಬತ್ತನೆಯ ಹೆಜ್ಜೆ: ಬಾಯಿಪುಸ್ತಕದ ಒಂದು ಪುಟ

ಕಥೆಯ ಮೊದಲ ವಾಕ್ಯವನ್ನು ಬರೆಯುವ ಮೊದಲು, ಗವಿಯ ಬಾಯಿಯಲ್ಲಿ ಕೂತ ಗುಮಾಸ್ತನ ಪುಸ್ತಕದಲ್ಲಿ ಒಂದು ದಿನದ ಪುಟವನ್ನು ಬರೆಯಿರಿ. ಮೇಲಿನ ಎಲ್ಲ ಹೆಜ್ಜೆಗಳೂ ಅದರಲ್ಲಿ ಅಂಕಿಗಳಾಗಿ ಬರಬೇಕು. ಅಂಕಿಗಳು ಒಂದಕ್ಕೊಂದು ತಾಳೆಯಾಗುವವರೆಗೆ ತಿದ್ದಿ. ಆಮೇಲೆ ಒಂದೇ ಒಂದು ಕಡೆ ತಾಳೆ ತಪ್ಪಿಸಿ. ಕಥೆ ಅಲ್ಲಿಂದ ಹೊರಡುತ್ತದೆ. ಕಲ್ಲುಜರಿ ಗವಿಗಾಗಿ ನಾನು ಬರೆದುಕೊಂಡ ಪುಟ ಹೀಗಿದೆ.

ಪೊರೆ ಹಂಗಾಮು, ನಾಲ್ಕನೆಯ ದಿನ. ಬೆಳಿಗ್ಗೆ ಒಳಗೆ ಹೋದವರು 9: ಭರ್ಜಿಯವರು 2, ಕೊಯ್ಯುವವರು 2, ಹೊರುವವರು 5. ದೀಪ 4. ಎಣ್ಣೆ 4 ಸೇರು. ಕಟ್ಟಿಕೊಟ್ಟ ಗಂಜಿ 9 ಪಾಲು. ಕೆಲಸದ ಜಾಗ 62ನೆಯ ಕೋಲು. ಸಂಜೆ ಹೊರಗೆ ಬಂದವರು 9. ದೀಪ 4. ಬೆನ್ನಪೊರೆ 11, ಪಕ್ಕೆಪೊರೆ 20, ಕಾಲುಚೂರು ಎರಡು ಬುಟ್ಟಿ, ಮುರುಟು 3. ಗಾಯ ಇಲ್ಲ. ಎಣ್ಣೆ ಮರಳಿ ಬಂದದ್ದು 3 ಸೇರು. ದಿನವಿಡೀ ಉರಿದರೆ ಒಂದು ಸೇರೂ ಉಳಿಯಬಾರದು. ದೀಪ ಒಪ್ಪಲಿಲ್ಲವೇ ಎಂದು ಕೇಳಿದೆ. ಒಪ್ಪಿತ್ತು, ನಾವೇ ಆರಿಸಿದೆವು ಎಂದರು. ಏಕೆ ಎಂದು ಕೇಳಿದ್ದಕ್ಕೆ ಹೊರುವವರಲ್ಲಿ ಕಿರಿಯವನು ಬಾಯಿ ತೆರೆದ, ಉಳಿದ ಎಂಟು ಜನರೂ ಅವನ ಕಡೆಗೆ ನೋಡಿದರು.